ಹಾಲಿನಲ್ಲಿ ಕದಡಿದ ಔಷಧ

ಡೊಂಬಿವಲಿ ಪೂರ್ವ
ಶುಕ್ರವಾರ, ೧-೧೨-೧೯೭೮

ಪ್ರೀತಿಯ ಮಗ ಹೃಷೀಕೇಶನಿಗೆ ಅಮ್ಮ ತಲೆ ನೇವರಿಸಿ ಮಾಡುವ ಆಶೀರ್ವಾದ.

ಹೇಗಿದ್ದೀ ಮಗಾ? ಮಸ್ಕತ್ತಿನಲ್ಲಿ ಸೆಕೆ ಇಳಿಯಿತಾ? ಹೋದ ಕಾಗದದಲ್ಲಿ ನೀನು ಆ ಊರಿನ ದಪ್ಪ ರೊಟ್ಟಿ ತಿಂದು ಹೊಟ್ಟೆ ಕಲ್ಲಾಗಿದೆ ಎಂದು ಬರೆದಿದ್ದೆ. ರಾತ್ರಿ ಮೆಂತ್ಯ ನೆನೆಸಿಟ್ಟು ಬೆಳಿಗ್ಗೆ ಕುಡಿ. ಮೂವತ್ತಾರು ವರ್ಷದ ಗಂಡಸಿಗೆ ಇದನ್ನೆಲ್ಲ ಹೇಳಬೇಕಾ ಎಂದು ನಗಬೇಡ, ಹೇಳದಿದ್ದರೆ ನೀನು ಮಾಡುವವನಲ್ಲ. ನಿನ್ನ ಹೆಂಡತಿ ರಮಾಮಣಿ ಚೆನ್ನಾಗಿದ್ದಾಳೆ. ಏಳೂ ನಲವತ್ತರ ಲೋಕಲ್ ಹಿಡಿದು ಠಾಣೆಯ ಬ್ಯಾಂಕಿಗೆ ಹೋಗುತ್ತಾಳೆ, ಸಂಜೆ ಬೆಂದ ಬದನೆಕಾಯಿಯಂತೆ ಮನೆಗೆ ಬರುತ್ತಾಳೆ. ಎರಡು ದಿನದಿಂದ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಪ್ಪು ಅವಳದ್ದಲ್ಲ.

ವಿಷಯ ನನ್ನ ಕಾಲಿನದು. ನಿನಗೆ ಬರೆಯಬೇಡ ಎಂದು ಅವಳನ್ನು ಗದರಿಸಿದವಳು ನಾನೇ, ಈಗ ನಾನೇ ಬರೆಯುತ್ತಿದ್ದೇನೆ. ಹೋದ ಸಂಕಷ್ಟಿಗೆ ನಿನ್ನ ಹೆಸರಿನಲ್ಲಿ ಟಿಟ್ವಾಳಾದ ಗಣಪತಿಗೆ ಹೋಗಿದ್ದೆ. ಸ್ಟೇಷನ್ನಿನಿಂದ ದೇವಸ್ಥಾನದವರೆಗೆ ಬರಿಗಾಲು. ಟಾಂಗಾ ಇತ್ತು. ಆದರೆ ಹರಕೆ ಹೊತ್ತವಳು ಟಾಂಗಾದಲ್ಲಿ ಕೂತು ಹೋದರೆ ಆ ಡೊಳ್ಳುಹೊಟ್ಟೆಯವನು ನಗುವುದಿಲ್ಲವಾ? ಬಲಗಾಲ ಹೆಬ್ಬೆರಳಿನ ಬುಡಕ್ಕೆ ಗಾಜಿನ ಚೂರು ಹೊಕ್ಕಿತು. ಅರಸಿನ ಒತ್ತಿ ಸುಮ್ಮನಾದೆ. ಐದನೇ ದಿನಕ್ಕೆ ಪಾದ ಬಾತು, ಕೀವು ಕಟ್ಟಿ, ಜ್ವರ ಬಂತು. ನಮ್ಮ ಬಿಲ್ಡಿಂಗಿನ ಕೆಳಗೆ ದವಾಖಾನೆ ಇಟ್ಟಿರುವ ಬಿಜಾಪುರದ ಡಾಕ್ಟರ್ ಮಹಾದೇವಪ್ಪ ಗಾಯ ಬಿಡಿಸಿ ತೊಳೆದು ಕ್ಯಾಪ್ಸೂಲ್ ಬರೆದುಕೊಟ್ಟರು. ಟೆಟ್ರಾಸೈಕ್ಲಿನ್ ಅಂತೆ ಅದರ ಹೆಸರು. ದಿನಕ್ಕೆ ನಾಲ್ಕು, ಹತ್ತು ದಿನ. ಹೇಗೆ ತೆಗೆದುಕೊಳ್ಳಬೇಕೆಂದು ಅವರು ಹೇಳುವಾಗ ನಾನು ಕಣ್ಣು ಮುಚ್ಚಿ ನರಳುತ್ತಾ ಇದ್ದೆ. ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಎರಡು ನುಂಗಿದ್ದೆ, ಅಷ್ಟರಲ್ಲಿ ಎರಡನೇ ಮಾಳಿಗೆಯ ಪೂವಪ್ಪ ನೋಡಲು ಬಂದ. ಅವನು ಎಂಐಡಿಸಿಯಲ್ಲಿ ಔಷಧದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನಲ್ಲ, ತನಗೆ ಗೊತ್ತಿದ್ದದ್ದನ್ನು ಹೇಳದಿದ್ದರೆ ಅವನಿಗೆ ಊಟ ಜೀರ್ಣವಾಗುವುದಿಲ್ಲ. "ಈ ಕ್ಯಾಪ್ಸೂಲಿನ ಟೋಪಿ ಉಂಟಲ್ಲ ಅಮ್ಮ, ಇದು ದನದ ಎಲುಬು ಬೇಯಿಸಿ ಮಾಡುವುದು ಮಾರ್ರೆ. ಒಳಗಿನ ಪುಡಿ ಮಾತ್ರ ಔಷಧ" ಎಂದ. ಚಾ ಕುಡಿದು ಅವನು ಹೋದ. ಈರುಳ್ಳಿ ಕೂಡ ಮುಟ್ಟದೆ ಅರವತ್ನಾಲ್ಕು ವರ್ಷ ಸವೆಸಿದವಳು ನಾನು. ಔಷಧವೆಂದರೆ ಗಂಗಾಜಲ, ವೈದ್ಯನೆಂದರೆ ನಾರಾಯಣ ಎಂದು ನಿನ್ನ ಅಪ್ಪ ಶ್ಲೋಕ ಹೇಳುತ್ತಿದ್ದರು. ಆದರೆ ಆ ಶ್ಲೋಕದ ಕಾಲದಲ್ಲಿ ಕ್ಯಾಪ್ಸೂಲ್ ಎಲ್ಲಿತ್ತು? ಒಂದು ಉಪಾಯ ಹೊಳೆಯಿತು. ರಮಾಮಣಿ ಕಣ್ಣು ತಪ್ಪಿಸಿ ಟೋಪಿ ಬಿಚ್ಚಿ, ಹಳದಿ ಪುಡಿಯನ್ನು ಬಿಸಿ ಹಾಲಿಗೆ ಹಾಕಿ, ಸಕ್ಕರೆ ಕದಡಿ ಕುಡಿದೆ. ಖಾಲಿ ಟೋಪಿಗಳನ್ನು ಕಾಗದದಲ್ಲಿ ಕಟ್ಟಿ ತುಳಸಿಯ ಡಬ್ಬಿಯ ಹಿಂದೆ ಇಟ್ಟೆ. ಔಷಧವೂ ಆಯಿತು, ಮಡಿಯೂ ಉಳಿಯಿತು. ನಿನ್ನ ಅಮ್ಮ ಎಷ್ಟು ಬುದ್ಧಿವಂತೆ ನೋಡು.

ಐದು ದಿನ ಹಾಗೆ ಕುಡಿದೆ. ಆ ಐದು ದಿನ ನಾನು ಎಲ್ಲಿದ್ದೆನೋ ನನಗೇ ಗೊತ್ತಿಲ್ಲ. ಮಧ್ಯಾಹ್ನ ಕಾರ್ಖಾನೆಗಳ ಕಡೆಯಿಂದ ಬರುವ ಮಬ್ಬು ಕಿಟಕಿಯಲ್ಲಿ ನಿಂತರೆ ಕೋಣೆಯೆಲ್ಲ ತಿಳಿ ಹಳದಿಯಾಗುತ್ತಿತ್ತು. ಮಂಚ ಮೆಲ್ಲಗೆ ಎದ್ದು ತೇಲುತ್ತಿತ್ತು. ಕಲ್ಯಾಣದ ಖಾಡಿಯ ಉಪ್ಪುನೀರು ಗೋಡೆಯೊಳಗೆ ಬಂದಂತೆ, ಲೋಕಲ್ ಗಾಡಿಗಳು ನೀರಿನ ಮೇಲೆ ಸದ್ದಿಲ್ಲದೆ ಹೋದಂತೆ, ಒಂದೊಂದು ಕಿಟಕಿಯಲ್ಲೂ ನಮ್ಮೂರಿನವರೇ ಕೂತಂತೆ. ಹೆದರಿಕೆ ಇರಲಿಲ್ಲ ಹೃಷೀ, ಹಿತವಾಗಿತ್ತು. ಅಲ್ಲಿಗೆ ವಾರಿಜಾ ಬಂದಳು. ನೀನು ಹುಟ್ಟುವ ಎರಡು ವರ್ಷ ಮೊದಲು ಹೋದ ನಿನ್ನ ಅಕ್ಕ. ಮೊಣಕಾಲಿನಲ್ಲಿ ಒಂದು ಹುಣ್ಣು, ಒಂಬತ್ತು ದಿನ ಜ್ವರ, ಅಷ್ಟೇ. ಆಗ ಇಂಥ ಔಷಧ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಕನಸಿನಲ್ಲಿ ಅವಳಿಗೆ ಆರೇ ವರ್ಷ, ನಾನು ಹಣ್ಣು ಮುದುಕಿ. ದಿಂಬಿನ ಹತ್ತಿರ ಕೂತು ಕ್ಯಾಪ್ಸೂಲ್‌ಗಳನ್ನು ಸಾಲಾಗಿ ಜೋಡಿಸಿ, "ಅಮ್ಮಾ, ಇದು ನನಗಾ?" ಎಂದು ಕೇಳಿದಳು. ಎದ್ದಾಗ ದಿಂಬು ಒದ್ದೆಯಾಗಿತ್ತು.

ಇತ್ತ ಡಾಕ್ಟರಿಗೆ ತಲೆಬಿಸಿ. ಕೆಂಪು ಎಲ್ಲಿಯವರೆಗೆ ಏರಿದೆ ಎಂದು ನೋಡಲು ಅವರು ಬಾಲ್‌ಪೆನ್ನಿನಿಂದ ನನ್ನ ಕಾಲಿನ ಮೇಲೆ ಗೆರೆ ಎಳೆಯುತ್ತಾರೆ. ಮರುದಿನ ನೋಡಿದರೆ ಕೆಂಪು ಗೆರೆ ದಾಟಿ ಮೇಲೆ ಹೋಗಿರುತ್ತದೆ. ಬರುವ ಸೋಮವಾರದೊಳಗೆ ಇಳಿಯದಿದ್ದರೆ ಠಾಣೆಯ ಆಸ್ಪತ್ರೆಗೆ ಸೇರಬೇಕು, ಬೆರಳು ತೆಗೆಯಬೇಕಾದೀತು, ಪಾದವೂ ಹೋದೀತು ಎಂದರು. ಬುಧವಾರ ರಮಾಮಣಿ ತುಳಸಿಗೆ ನೀರೆರೆಯುವಾಗ ನನ್ನ ಕಾಗದದ ಪೊಟ್ಟಣ ಸಿಕ್ಕಿಬಿಟ್ಟಿತು. ಅವಳು ಕೂಗಾಡಲಿಲ್ಲ. ತೆಗೆದುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಟ್ಟಳು. ಅವರು ಮೇಲೆ ಬಂದು ಕೇಳಿದಾಗ ಎಲುಬು, ಹಾಲು ಎಲ್ಲ ಒಪ್ಪಿಕೊಂಡೆ. ಈಗ ನನ್ನ ಮಡಿಯ ಮೇಲೆ ಭಾಷಣ ಶುರುವಾಗುತ್ತದೆ ಎಂದು ನಾನು ಸೊಂಟ ಕಟ್ಟಿ ಕೂತಿದ್ದೆ. ಆದರೆ ಅವರು, "ಎಲುಬಿನ ಮಾತು ಆಮ್ಯಾಲೆ ನೋಡೋಣ್ರಿ ಅಮ್ಮಾರ. ಹಾಲಿನ್ಯಾಗ ಕಲಿಸಿದ್ರಲ್ಲಾ, ಅಲ್ಲೇ ಕೆಟ್ಟೈತಿ" ಎಂದರು. ಈ ಔಷಧವನ್ನು ಹಾಲು ಹಿಡಿದುಕೊಂಡುಬಿಡುತ್ತದಂತೆ, ರಕ್ತಕ್ಕೆ ಸೇರಲು ಬಿಡುವುದಿಲ್ಲವಂತೆ. ಮೊಸರೂ ಮಜ್ಜಿಗೆಯೂ ಅದೇ ಜಾತಿ. ನಾನೋ, ಹಾಲು ಕುಡಿದು ಅದರ ಮೇಲೆ ಮೊಸರನ್ನ ಉಂಡವಳು! ಎಲುಬನ್ನು ದೂರ ಇಡಲು ಹೋಗಿ ಔಷಧವನ್ನೇ ದೂರ ಇಟ್ಟೆ.

ಬರೀ ನೀರಿನಲ್ಲಿ ಪುಡಿ ಕುಡಿಯುತ್ತೇನೆ ಎಂದು ಹಟ ಮಾಡಿದೆ. ಬೇಡವೆಂದರೂ ಕೇಳದೆ ನಿನ್ನೆ ಕುಡಿದೆ. ಗಂಟಲು ಸುಟ್ಟು ಎಲ್ಲ ವಾಂತಿಯಾಯಿತು. ಅದಕ್ಕೇ ಟೋಪಿ ಇರುವುದು ಎಂದರು ಡಾಕ್ಟರು. ಟೋಪಿಯಿಲ್ಲದ ಮಾತ್ರೆಯೂ ಉಂಟಂತೆ, ಆದರೆ ಅಂಗಡಿಯವನಿಗೆ ಮುಂಬಯಿಯಿಂದ ಬರಲು ಮಂಗಳವಾರವಾಗುತ್ತದೆ. ಕಾಲು ಅಷ್ಟು ದಿನ ಕಾಯುವುದಿಲ್ಲ. ಹತ್ತು ದಿನದ ಲೆಕ್ಕ ಮೊದಲಿನಿಂದ ಶುರು. ಊಟಕ್ಕೆ ಒಂದು ತಾಸು ಮೊದಲು ಅಥವಾ ಎರಡು ತಾಸು ಆದ ಮೇಲೆ, ದೊಡ್ಡ ಲೋಟ ನೀರಿನ ಜೊತೆ ಇಡಿಯಾಗಿ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು. ಮೈ ತುರಿಸಿದರೆ, ಉಸಿರು ಕಟ್ಟಿದರೆ ತಕ್ಷಣ ಹೇಳಬೇಕು. ಬಾವು ಇಳಿಯಿತೆಂದು ನಡುವೆ ಬಿಡಬಾರದು, ಉಳಿದದ್ದನ್ನು ನೆರೆಮನೆಯವರಿಗೆ ದಾನ ಮಾಡಬಾರದು. ಈ ಸಲ ಕಣ್ಣು ಬಿಟ್ಟು ಕೇಳಿಸಿಕೊಂಡಿದ್ದೇನೆ.

ಕೇಳಿದ್ದೇನೆ, ಆದರೆ ನುಂಗಿಲ್ಲ. ಬೆಳಗಿನದು ಬಿಟ್ಟೆ, ಮಧ್ಯಾಹ್ನದ್ದೂ ಬಿಟ್ಟೆ. ಆರು ಗಂಟೆಯದು ಈಗ ಎದುರಿಗೆ ಬಸಿಯಲ್ಲಿದೆ. ಇವತ್ತು ಕೆಂಪು ಮತ್ತೊಂದು ಬೆರಳಿನಷ್ಟು ಮೇಲೇರಿದೆ. ನನಗೆ ಹೆದರಿಕೆ ಮಗಾ, ನಿನ್ನ ಹತ್ತಿರ ಮುಚ್ಚಿಡುವುದೇನು? ಕಾಲು ಹೋದರೆ ಎಂದು ಹೆದರಿಕೆ. ನುಂಗಿದರೆ ಉಡುಪಿಯ ನಿನ್ನ ದೊಡ್ಡಮ್ಮ ವಸಂತಿಯ ಮುಖ ನೋಡುವುದು ಹೇಗೆ ಎಂದು ಇನ್ನೊಂದು ಹೆದರಿಕೆ. ಮಾಘದಲ್ಲಿ ಅವಳ ಮೊಮ್ಮಗನ ಉಪನಯನ. ನನ್ನ ಅಕ್ಕನಿಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ, ನಿಜ ಹೇಳಿದರೆ ಮಡಿಯವರ ಪಂಕ್ತಿಯಲ್ಲಿ ಅವಳು ನನಗೆ ಎಲೆ ಹಾಕುವುದಿಲ್ಲ. ಕಿಟಕಿಯಲ್ಲಿ ಮತ್ತೆ ಆ ಹಳದಿ ಬೆಳಕು ಬಂದಿದೆ. ಮಂಚ ಸ್ವಲ್ಪ ಸ್ವಲ್ಪ ಅಲುಗುತ್ತಿದೆ, ಅಕ್ಷರ ಸೊಟ್ಟಗಾದರೆ ಬೈಯಬೇಡ.

ನಿನ್ನ ಜೊತೆಗಿರುವ ಹುಡುಗರಿಗೆಲ್ಲ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ಕೃಷ್ಣ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಸತ್ಯಭಾಮಾ

ತಾ.ಕ.: ಆರೂಕಾಲು ಗಂಟೆ. ಕಾಗದ ಮಡಚುವಾಗ ರಮಾಮಣಿ ಬಂದಳು. ಲೋಟ ತುಂಬ ನೀರು ತಂದಿಟ್ಟು, ನನ್ನ ಕಾಲನ್ನು ತನ್ನ ಮಡಿಲ ಮೇಲೆ ಎತ್ತಿಟ್ಟುಕೊಂಡು ಅಳತೊಡಗಿದಳು. ನುಂಗಿದೆ ಮಗಾ, ಟೋಪಿ ಸಮೇತ. ಮಂಗಳವಾರದವರೆಗೆ ಇದನ್ನೇ ನುಂಗುತ್ತೇನೆ, ಆಮೇಲೆ ಮಾತ್ರೆ, ಹತ್ತು ದಿನ ಪೂರ್ತಿ. ವಸಂತಿಗೆ ನಾನೇ ಬರೆಯುತ್ತೇನೆ, ನೀನು ನಡುವೆ ಬಾಯಿ ಹಾಕಬೇಡ. ಉಪನಯನದ ದಿನ ನನ್ನ ಎಲೆಯನ್ನು ಹೊರಗಿನ ಜಗಲಿಯಲ್ಲಿ ಹಾಕುವುದಾದರೆ ಹಾಕಲಿ. ನನ್ನ ಎರಡು ಕಾಲಿನ ಮೇಲೆ ನಡೆದು ಹೋಗಿ ಅಲ್ಲೇ ಕೂತು ಉಣ್ಣುತ್ತೇನೆ.