ಮದುವೆ ಮುಗಿಯುವ ತನಕ ಕಾಯಬೇಡಿ, ಕಸ್ತೂರಿ ಅಜ್ಜಿ

ಗದಗ, ಫೆಬ್ರವರಿ ಮೂವತ್ತು, ೨೧೩೧

ಕಸ್ತೂರಿ ಅಜ್ಜಿಯವರಿಗೆ, ನಿಮ್ಮ ತಂಗಿ ಪಲ್ಲವಿಯ ಮರಿಮಗಳು ಇಳಾ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ, ಈ ಕಾಗದ ನಿಮಗೆ ನೂರು ವರ್ಷ ಮುಂದಿನಿಂದ ಬರುತ್ತಿದೆ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ, ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ಇನ್ನೂ ನಲವತ್ತು ತುಂಬದ ಹೆಣ್ಣುಮಗಳನ್ನು ಅಜ್ಜಿ ಎಂದು ಕರೆಯುತ್ತಿದ್ದೇನೆ, ಅದಕ್ಕೂ ಕ್ಷಮೆಯಿರಲಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು. ನಾಚಿಕೆ ಮಾತ್ರ ನಿಮ್ಮ ಕಾಲದ್ದೇ, ಅದೇನೂ ಬದಲಾಗಿಲ್ಲ.

ನಮ್ಮ ಮದುವೆಯೂಟದಲ್ಲಿ ‘ಸಾಕೆಲೆ’ ಎಂಬುದಿದೆ. ಅಂಗೈಯಗಲದ ಒಂದು ಎಲೆ. ಉಣ್ಣುವವರು ಅದನ್ನು ಬಾಳೆಲೆಯ ಮೇಲೆ ಮಗುಚಿಟ್ಟರೆ ಬಡಿಸುವವರು ಮುಂದೆ ಹೋಗಬೇಕು, ಒತ್ತಾಯ ಮಾಡುವ ಹಾಗಿಲ್ಲ. ನಮ್ಮ ಮನೆಯವರು ಕೇಳಬೇಕಲ್ಲ! ಹೋಳಿಗೆ ಹಿಡಿದು ಬಂದವರು ಸಾಕೆಲೆಯನ್ನು ಮೆಲ್ಲಗೆ ಸರಿಸಿ, “ನನ್ನಾಣಿ, ಇದೊಂದು ತೊಗೊಳವ್ವಾ” ಎನ್ನುತ್ತಾರೆ. ಉಂಡವಳು ಏಳಲು ತಡವರಿಸಿದರೆ, “ಎಷ್ಟ್ ದಪ್ಪಾಗೀಯವ್ವಾ” ಎಂದು ನಗುವವರೂ ಅವರೇ.

ಆಮೇಲೆ ಎಲೆ ಅಡಿಕೆ ಮೆಲ್ಲುತ್ತ ನಿಮ್ಮ ಕಥೆ ತೆಗೆಯುತ್ತಾರೆ. ತಾಯಿಯಿಲ್ಲದ ತಂಗಿಯನ್ನು ಸಾಕಿದ ಕಸ್ತೂರಿ, ಆಕೆಯ ಮದುವೆಗಾಗಿ ತೂಕ ಇಳಿಸಲು ಡಾಕ್ಟರು ಹೇಳಿದ್ದ ತನ್ನ ಹೊಟ್ಟೆಯ ಆಪರೇಶನ್ ಮುಂದೆ ಹಾಕಿದಳಂತೆ. ನಿಮ್ಮ ಸೋದರಮಾವ ವಿರೂಪಾಕ್ಷಪ್ಪನವರ ಮಾತನ್ನು ದನಿ ಸಮೇತ ಒಪ್ಪಿಸುತ್ತಾರೆ: “ಹೊಟ್ಟಿ ಕೊಯ್ಸಿಕೊಂಡಾಳಂತ ಬೀಗರಿಗೆ ಗೊತ್ತಾದ್ರ, ಮನ್ಯಾಗ ರೋಗ ಐತಿ ಅಂತ ಸಂಬಂಧಾನ ಮುರೀತಾರ. ಪಂಕ್ತ್ಯಾಗ ಕುಂತು ನಾಕ್ ತುತ್ತಿಗೆ ಎದ್ದರ ಮಾನ ಉಳಿತೈತೇನು? ಮದಿವಿ ಮುಗೀಲಿ, ಆಮ್ಯಾಲ ಏನರ ಕೊಯ್ಸ್ಕೋ.”

ನೀವು ಒಪ್ಪಿದಿರಿ. ಬೀಗರ ಎದುರು ಮೂರು ಹೋಳಿಗೆ ಉಂಡಿರಿ. ಪಾದ ಊದಿ ಚಪ್ಪಲಿ ಹಿಡಿಸದೆ ಬರಿಗಾಲಲ್ಲಿ ಓಡಾಡಿದಿರಿ. ಹರಕೆ ಇರಬೇಕು ಅಂದರು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದಿರಿ. “ಮದಿವಿ ಮನಿ ಕಾವಲಕ್ಕ ಕುಂತಾಳ” ಎಂದು ನಕ್ಕರು. ಮದುವೆ ಮುಗಿದ ವಾರದಲ್ಲೇ ನೀವು ಹೋಗಿಬಿಟ್ಟಿರಿ. ಅದೊಂದನ್ನು ಸಣ್ಣ ದನಿಯಲ್ಲಿ ಹೇಳಿ ಬೇರೆ ಮಾತಿಗೆ ಹೊರಳುತ್ತಾರೆ.

ನಾನೂ ನಿಮ್ಮ ಹಾಗೆಯೇ ದಪ್ಪಗಿದ್ದೆ. ಹೋದ ವರ್ಷ ನನ್ನ ಎದೆಬಿಲ್ಲೆ ಕೂಗತೊಡಗಿತು. ಅದು ಎದೆಯ ಮೇಲೆ ಅಂಟಿಸಿಕೊಳ್ಳುವ, ನಾಣ್ಯದಷ್ಟಗಲದ ಬಿಲ್ಲೆ. ಹೃದಯ ದಣಿದರೆ ಎಚ್ಚರಿಸುತ್ತದೆ. ಡಾಕ್ಟರಮ್ಮ ಕೇಳಿದರು: “ನಿಮ್ಮ ಮನ್ಯಾಗ ಹಿಂದ ಯಾರರ ಕುಂತ ಮಲಗ್ತಿದ್ರೇನು?” ಕಥೆ ನೆನಪಾಗಿ ನನಗೆ ನಗು ಬಂತು. ಹೇಳಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದೆ. ಅಯ್ಯೋ ದೇವರೇ, ಅದು ಹೃದಯ ಸೋಲುತ್ತಿದ್ದ ಲಕ್ಷಣವಾಗಿತ್ತು! ನೂರು ವರ್ಷ ನಾವು ಅದನ್ನು ಹೇಳಿಕೊಂಡು ನಕ್ಕಿದ್ದೇವೆ. ಆ ಡಾಕ್ಟರಮ್ಮನ ಮುಖ ನೋಡಲು ನನಗಾಗಲಿಲ್ಲ.

ನಿಮ್ಮ ಡಾಕ್ಟರು ಹೇಳಿದ್ದು ಸರಿಯಿತ್ತು, ಅಜ್ಜಿ. ಹೊಟ್ಟೆ ಕಿರಿದು ಮಾಡಿಸಿಕೊಂಡು ತೂಕ ಇಳಿದರೆ ಹೃದಯ ಸೋಲುವ ಅಪಾಯವೂ ಇಳಿಯುತ್ತದೆ. ಪೂರ್ತಿ ಹೋಗುತ್ತದೆಂದು ಸುಳ್ಳು ಹೇಳಲಾರೆ, ಆಪರೇಶನ್ನಿಗೂ ಅದರದೇ ಅಪಾಯವಿದೆ. ನಾನು ಮಾಡಿಸಿಕೊಂಡೆ. ಈಗ ಬೆನ್ನು ನೆಲಕ್ಕೆ ಹಚ್ಚಿ ಆರಾಮಾಗಿ ನಿದ್ದೆ ಮಾಡುತ್ತೇನೆ. ಮಲಗಿದಾಗೆಲ್ಲ ನಾಚಿಕೆಯಾಗುತ್ತದೆ, ಯಾಕೆಂದರೆ ನೀವು ಉಸಿರು ಬಿಗಿಹಿಡಿದು ನಡೆಸಿಕೊಟ್ಟ ಆ ಮದುವೆಯಿಂದಲೇ ನಾನು ಹುಟ್ಟಿದವಳು.

ಈ ಕಾಗದ ತಲುಪುವ ಹೊತ್ತಿಗೆ ಆಸ್ಪತ್ರೆಯವರು ನಿಮಗೆ ದಿನ ಗೊತ್ತು ಮಾಡಿರುತ್ತಾರೆ. ಮಾವ ಇನ್ನೂ ನಿಮ್ಮ ಬಾಗಿಲಿಗೆ ಬಂದಿರುವುದಿಲ್ಲ. ಬಂದರೆ ಚಹಾ ಕೊಟ್ಟು ಕಳಿಸಿ. ಕಾಲು ಊದುವುದನ್ನು, ಉಸಿರು ಕಟ್ಟುವುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಮೊದಲು ಹೃದಯ ನೋಡಲಿ. ಬೀಗರು ಸಂಬಂಧ ಮುರಿದರೆ ಮುರಿಯಲಿ. ಪಲ್ಲವಿ ಅಜ್ಜಿಗೆ ಬೇರೆ ಗಂಡು ಸಿಕ್ಕಾನು, ಬೇರೆ ಅಕ್ಕ ಸಿಗುವುದಿಲ್ಲ.

ಹಾಗಾದರೆ ಈ ಕಾಗದ ಬರೆಯಲು ನಾನಿರುವುದಿಲ್ಲ. ಗೊತ್ತಿದ್ದೇ ಬರೆದಿದ್ದೇನೆ. ನೀವು ಆಸ್ಪತ್ರೆಗೆ ಹೋಗಿ ಬನ್ನಿ, ಅಜ್ಜಿ. ಬಂದು, ಕಾಲು ಚಾಚಿ ಮಲಗಿ.