ಲೋರ್ನಾಳ ಬಿಡುಗಡೆ ಪತ್ರ

ಜನವರಿ 9, ಬೆಳಗ್ಗೆ
ಮೋಟಾರ್ ಆನ್ ಮಾಡಿ ಬಂದೆ. ಲೋರ್ನಾ ತುರಿಯೋಮಣೆ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಅವಳ ಫಿಲಿಪೈನ್ಸ್‌ನಲ್ಲೂ ಹೀಗೇ ಅಂತೆ. ಮಸ್ಕತ್ತಿನ ಹೋಟೆಲ್ ಲಾಂಡ್ರಿಯಲ್ಲಿ ಒಂಬತ್ತು ವರ್ಷ ಜೊತೆಗೆ ಬೆಡ್‌ಶೀಟ್ ಮಡಿಸಿದೆವು. ಆಗ ನನ್ನ ಹೆಂಡತಿ ಮೀನಾಕ್ಷಿ ಇದ್ದಳು. ಲೋರ್ನಾ ಜೊತೆ ಮಾತು ಬರೀ 'ಗುಡ್ ಮಾರ್ನಿಂಗ್'. ಮೀನಾಕ್ಷಿ ಹೋಗಿ ಮೂರು ವರ್ಷ. ಈಗ ಅರವತ್ತೊಂದಕ್ಕೆ ಲೋರ್ನಾ ಜೊತೆ ಮದುವೆ!

ತಂಗಿ ಭಾಗಮ್ಮ ಕೇಳಿದಳು: "ಅಣ್ಣಾ, ಅವ್ಳ ಮೊದಲ್ನೇ ಗಂಡ?"

ರೋಡೆಲ್ ಅಂತ. ಹದಿನಾಲ್ಕು ವರ್ಷದಿಂದ ಬೇರೆ. ಬಿಡುಗಡೆ ಪತ್ರ ಬರೆಸಿದರಾಯಿತು. ನಮ್ಮ ಪಂಚನಹಳ್ಳಿಯಲ್ಲಿ ಎಷ್ಟು ಜನರ ಸಂಬಂಧ ಪಂಚರ ಮುಂದೆ ಹಾಗೇ ಮುಗಿದಿಲ್ಲ?

ಜನವರಿ 12
ಛಾಪಾ ಕಾಗದದಲ್ಲಿ ನಾನೇ ಬರೆದೆ. ಪಂಚರ ಪರವಾಗಿ ಮಲ್ಲಿಕಾರ್ಜುನಪ್ಪನವರ ಸಹಿ. ಕೆಳಗೆ ನನ್ನ ಪಿಯುಸಿ ಇಂಗ್ಲಿಷ್ — 'ಹೆನ್ಸ್‌ಫೋರ್ತ್ ಶಿ ಈಸ್ ಫ್ರೀ ಬರ್ಡ್'. ಲೋರ್ನಾ ಅದನ್ನು ರೋಡೆಲ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿದಳು. ಸಂಜೆಗೆ ಅವನು ಸಹಿ ಮಾಡಿ ಕಳಿಸಿದ. ಜೊತೆಗೊಂದು ಸಾಲು — 'ಬ್ರದರ್, ಅವಳಿಗೆ ಚಳಿ ತಡೆಯದು.'

ಒಳ್ಳೆಯ ಮನುಷ್ಯ. ಛೆ.

ಜನವರಿ 20
ಕಡೂರು ಸಬ್ ರಿಜಿಸ್ಟ್ರಾರ್ ಆಫೀಸು. ಕ್ಲರ್ಕ್ ಓದಿ ನಕ್ಕ. "ಯಜಮಾನ್ರೇ, ಇದು ನಿಮ್ಮೂರ ಕಟ್ಟೆಗೆ ಸರಿ ಕಣ್ರೀ. ಅವ್ರ ದೇಶದ ಕೋರ್ಟ್ ಆರ್ಡರ್ ತನ್ನಿ."

ಬಸ್ಸಿನಲ್ಲಿ ಲೋರ್ನಾ ಕಿಟಕಿ ಕಡೆ ನೋಡುತ್ತಾ — "ನಂಜು, ಮೈ ಕಂಟ್ರಿ... ನೋ ಡಿವೋರ್ಸ್."

ಆ ಮದುವೆಯೇ ಆಗಿರಲಿಲ್ಲ ಅಂತ ಅಲ್ಲಿನ ಕೋರ್ಟು ಹೇಳಬೇಕಂತೆ. ಅದಕ್ಕೆ ವರ್ಷಗಟ್ಟಲೆ. ಇಲ್ಲವೇ ರೋಡೆಲ್ ಸಾಯಬೇಕು.

ಮೊದಲೇ ಯಾಕೆ ಹೇಳಲಿಲ್ಲ ಎಂದೆ. ನೀನು ಅಷ್ಟು ಖುಷಿಯಿಂದ ಬರೆಯುತ್ತಿದ್ದೆ, ನಿಮ್ಮಲ್ಲಿ ನಡೆಯುತ್ತದೇನೋ ಅಂದುಕೊಂಡೆ — ಎಂದಳು.

ಫೆಬ್ರವರಿ 27
ಲೋರ್ನಾಳ ವೀಸಾ ಮುಗಿಯಿತು. ತನ್ನ ದೇಶಕ್ಕೆ ಹೊರಟವಳನ್ನು ಬೀರೂರಿನಲ್ಲಿ ರೈಲು ಹತ್ತಿಸಿ ಬಂದೆ. ಮೀನಾಕ್ಷಿಯ ಕಂಬಳಿ ಕೊಟ್ಟೆ. 'ಕಮ್ ಬ್ಯಾಕ್' ಅನ್ನಬೇಕಿತ್ತು. 'ಹ್ಯಾಪಿ ಜರ್ನಿ' ಅಂದುಬಿಟ್ಟೆ.

ಜೂನ್ 3
ಲೋರ್ನಾ ಫೋನು. ರೋಡೆಲ್‌ಗೆ ಎರಡೂ ಕಿಡ್ನಿ ಹೋಗಿವೆಯಂತೆ. ನೋಡಿಕೊಳ್ಳುವವರಿಲ್ಲ, ಇವಳೇ ಹೋಗಿ ಕೂತಿದ್ದಾಳೆ. ಕೇಳಿದ ಕೂಡಲೇ ಎದೆಯೊಳಗೆ ಏನೋ ಹಗುರಾಯಿತು. ಮೀನಾಕ್ಷಿಯ ಮಂಚದ ಪಕ್ಕ ಆರು ತಿಂಗಳು ಕೂತವನು ನಾನು... ಥೂ.

"ಪ್ರೇ ಫಾರ್ ಹಿಮ್, ನಂಜು," ಎಂದಳು.

ಜೂನ್ 4, ಬೆಳಗ್ಗೆ 8
ಆಂಜನೇಯನ ಗುಡಿಗೆ ಹೋಗಿದ್ದೆ.

"ಯಾರ್ ಹೆಸ್ರಲ್ಲಿ ನಂಜುಂಡಪ್ಪ?" ಅರ್ಚಕರು.

"ರೋಡೆಲ್."

"ಯಾರಪ್ಪಾ ಅದು? ನಕ್ಷತ್ರ?"

"ಗೊತ್ತಿಲ್ಲ ಸ್ವಾಮಿ. ನಮ್ಮೋರೇ."

"ಹೋಗ್ಲಿ. ಏನಂತ ಬೇಡ್ಕೊಳ್ಲಿ?"

ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಕರ್ಪೂರ ಸಣ್ಣಗಾಗುತ್ತಿತ್ತು. ಬಾಯಿ ತೆರೆದೆ. ಹೇಳಿದೆ ಕೂಡ. ಹೇಳಿದ್ದು ಏನೆಂದು ಈ ಡೈರಿಗೂ ಬರೆಯಲಾರೆ.