ಶಿಬಿರದಲ್ಲಿ ನಿಮಗೆ ಏನಿಷ್ಟ?

ಬೇಸಿಗೆ ಶಿಬಿರಗಳ ಮೇಲ್ವಿಚಾರಕರಿಗೆ, ಗೌರವಪೂರ್ವಕ ವಂದನೆಗಳು.

ಮಕ್ಕಳ ಉತ್ತರಗಳನ್ನು ಓದಿ ತಾವು ನಮ್ಮ ಶಿಬಿರದ ಮಧ್ಯಾಹ್ನದ ಊಟವನ್ನು ನಿಲ್ಲಿಸಿ, ಬದಲಿಗೆ ಬಣ್ಣದ ಪೆಟ್ಟಿಗೆಗಳನ್ನು ಕಳುಹಿಸಿದ್ದೀರಿ. ತಮ್ಮ ತೀರ್ಮಾನದಲ್ಲಿ ದೋಷವಿಲ್ಲ. 'ಶಿಬಿರದಲ್ಲಿ ನಿಮಗೆ ಏನಿಷ್ಟ?' ಎಂಬ ಪ್ರಶ್ನೆಗೆ ಮೂವತ್ತೊಂದು ಮಕ್ಕಳೂ 'ಚಿತ್ರ ಬಿಡಿಸುವುದು' ಎಂದೇ ಬರೆದಿದ್ದರು.

ಹಾಗೆ ಬರೆಸಿದವನು ನಾನು. "ಊಟ ಅಂತ ಬರೀಬೇಡ್ರೋ, ನೋಡಿದವರು ಏನಂದ್ಕೊಳ್ತಾರೆ?" ಎಂದಿದ್ದೆ. ಅವರ ಮಾನ ಕಾಯುತ್ತಿದ್ದೇನೆಂದು ಭಾವಿಸಿದ್ದೆ. ಶಾಲೆ ತೆರೆಯುವವರೆಗೆ ಇವರಲ್ಲಿ ಹಲವರಿಗೆ ಹೊಟ್ಟೆ ತುಂಬುವ ಊಟ ಇದೊಂದೇ.

ಸೋಮವಾರ ಊಟದ ಗಾಡಿ ಬರಲಿಲ್ಲ. ಊರಿನಲ್ಲಿ ಬಟ್ಟೆ ಹೊಲಿಯುವಾಕೆಯ ಕಿರಿಮಗಳು ಕೈ ತೊಳೆದುಕೊಂಡು ಬಂದು ನಿಂತಳು.

"ಮೇಷ್ಟ್ರೇ, ನೀವು ಹೇಳಿದ್ದನ್ನೇ ಬರೆದ್ವಲ್ಲ, ಮತ್ಯಾಕೆ ಊಟ ಬರ್ಲಿಲ್ಲ? ನಾನು 'ಚಿತ್ರ' ಬರೆಯೋವಾಗ ಒತ್ತಕ್ಷರ ಹಾಕೋದು ಮರೆತೆ, ಅದಕ್ಕಾ?"

"ನೋಡು, ಎಲ್ಲಾ ನಿನ್ನಿಂದಲೇ, ಕೋತಿ!" ಎಂದ ಅವಳಣ್ಣ.



ಊಟವನ್ನು ನಾಳೆಯಿಂದಲೇ ಪುನರಾರಂಭಿಸಬೇಕೆಂದು ವಿನಂತಿ. ಬಣ್ಣದ ಪೆಟ್ಟಿಗೆಗಳನ್ನು ತೆರೆದಿಲ್ಲ, ಬೇಕಿದ್ದರೆ ಹಿಂದಿರುಗಿಸುವೆ. ಅದೇ ಪ್ರಶ್ನೆಗೆ ಮಕ್ಕಳು ಇಂದು ಮತ್ತೆ ಬರೆದ ಉತ್ತರಗಳನ್ನು ಲಗತ್ತಿಸಿದ್ದೇನೆ. ನಾನು ಅವನ್ನು ಓದಿಲ್ಲ. ಅವರು ಬರೆಯುವಾಗ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ನಿಂತಿದ್ದೆ.

ತಮ್ಮ ವಿಶ್ವಾಸಿ,
ಶಿಬಿರದ ಮೇಷ್ಟ್ರು